ಯಾರ ಆರ್ಡರ್? ‘ಅಟ್ಲಾಸ್ ಶ್ರಗ್ಡ್’ ಕಾದಂಬರಿಯನ್ನು ಡ್ಯಾಗ್ನಿಯ ಹಿಂದೆ ಹೋಗಿ ಓದುವ ದಾರಿ

ಐನ್ ರ‍್ಯಾಂಡ್ ಬರೆದ ‘ಅಟ್ಲಾಸ್ ಶ್ರಗ್ಡ್’ ಅನ್ನು ನಾನು ಎರಡು ಸಲ ಅರ್ಧಕ್ಕೆ ಬಿಟ್ಟವಳು. ಮೊದಲ ಸಲ ಕಾಲೇಜು ಹಾಸ್ಟೆಲ್‌ನಲ್ಲಿ. ಮುನ್ನೂರನೇ ಪುಟದ ಹತ್ತಿರ ಪರೀಕ್ಷೆ ಬಂತು ಅನ್ನೋ ನೆಪ ಸಿಕ್ಕಿತು. ಎರಡನೇ ಸಲ ಕೆಲಸಕ್ಕೆ ಸೇರಿದ ಮೇಲೆ, ಕೊನೆಗಿನ ಆ ಮುಗಿಯದ ರೇಡಿಯೋ ಭಾಷಣದ ನಡುವೆ. ಮೂರನೇ ಸಲ ಹಟ ಹಿಡಿದು ಮುಗಿಸಿದೆ. ಆಮೇಲೆ ನಾಲ್ಕು ಗೆಳತಿಯರ ಜೊತೆ ಕೂತು ಇನ್ನೊಂದು ಸಲ ಓದಿದೆ. ಇಲ್ಲಿ ಬರೆದಿರುವುದು ಆ ಕೊನೆಯ ಎರಡು ಓದುಗಳಲ್ಲಿ ಕಲಿತದ್ದು.

ಈ ಪುಸ್ತಕ ಓದಿದವರಲ್ಲಿ ಎರಡು ಪಂಗಡ. ಒಂದು ಪಂಗಡಕ್ಕೆ ಇದು ವೇದವಾಕ್ಯ. ಇನ್ನೊಂದಕ್ಕೆ ಇದು ದುಡ್ಡಿದ್ದವರ ಹೊಗಳುಭಟ್ಟಂಗಿ. ಎರಡೂ ಕಡೆಯವರು ಜಗಳ ಆಡೋದು ಜಾನ್ ಗಾಲ್ಟ್ ಎಂಬ ಪಾತ್ರದ ಬಗ್ಗೆ, ಅಂದರೆ ದೇಶದ ಪ್ರತಿಭಾವಂತರನ್ನೆಲ್ಲ ಕೆಲಸ ಬಿಡಿಸಿ ಮುಷ್ಕರ ಹೂಡಿಸುವವನ ಬಗ್ಗೆ. ಆದರೆ ಗಾಲ್ಟ್ ಮುಖ ತೋರಿಸೋದೇ ಮೂರನೇ ಭಾಗದಲ್ಲಿ. ಅಲ್ಲಿಯವರೆಗೆ ಕಥೆಯನ್ನು ಹೊತ್ತು ನಡೆಯುವವಳು ಡ್ಯಾಗ್ನಿ ಟ್ಯಾಗರ್ಟ್, ಒಂದು ದೊಡ್ಡ ರೈಲ್ವೆ ಕಂಪನಿಯ ಓಡಾಟವನ್ನೆಲ್ಲ ನೋಡಿಕೊಳ್ಳುವ ಉಪಾಧ್ಯಕ್ಷೆ. ಅವಳ ಹಿಂದೆ ಹೋಗಿ. ಈ ಕಾದಂಬರಿಯ ವ್ಯಕ್ತಿವಾದ ಏನು ಅನ್ನೋದು ಭಾಷಣಕ್ಕಿಂತ ಮೊದಲೇ ಅವಳ ಕೆಲಸದಲ್ಲಿ ಗೊತ್ತಾಗುತ್ತದೆ. ಅದರಲ್ಲಿ ಬಿರುಕು ಎಲ್ಲಿದೆ ಅನ್ನೋದೂ ಅಲ್ಲೇ ಗೊತ್ತಾಗುತ್ತದೆ.

ಒಂದು ಎಚ್ಚರಿಕೆ: ಕಥೆಯ ಕೊನೆಯನ್ನೂ ಹೇಳಿಬಿಡುತ್ತೇನೆ. ಗೊತ್ತಾಗಬಾರದು ಅನ್ನುವವರು ಪುಸ್ತಕ ಮುಗಿಸಿಯೇ ಇತ್ತ ಬನ್ನಿ.

ಶುರು ಮಾಡುವ ಮೊದಲು

ಪುಸ್ತಕ 1957ರದ್ದು. ಸಾವಿರದ ನೂರು ಪುಟ ಇಟ್ಟುಕೊಳ್ಳಿ, ಮುದ್ರಣಕ್ಕೆ ತಕ್ಕಂತೆ ಹೆಚ್ಚು ಕಡಿಮೆ. ಮೂರು ಭಾಗ, ಭಾಗಕ್ಕೆ ಹತ್ತು ಅಧ್ಯಾಯ. ವಾರಕ್ಕೆ ಮೂರು ಅಧ್ಯಾಯ ಓದಿದರೆ ಹತ್ತು ವಾರದಲ್ಲಿ ಮುಗಿಯುತ್ತದೆ. ನಾವು ಹಾಗೇ ಮಾಡಿದೆವು. ಇಂಗ್ಲಿಷ್ ಕಷ್ಟದ್ದಲ್ಲ, ಉದ್ದದ್ದು. ಫುಟ್‌ಪಾತ್‌ನಲ್ಲಿ ಅಗ್ಗಕ್ಕೆ ಸಿಗುವ ಇರುವೆ ಸಾಲಿನಂಥ ಅಕ್ಷರದ ಪ್ರತಿ ಮಾತ್ರ ಬೇಡ. ನಾನು ಮೊದಲ ಸಲ ಸೋತದ್ದಕ್ಕೆ ಅರ್ಧ ಕಾರಣ ಅದೇ.

ಲೇಖಕಿಯ ಬಗ್ಗೆ ಇಷ್ಟು ತಿಳಿದಿದ್ದರೆ ಸಾಕು. ರ‍್ಯಾಂಡ್ ಹುಟ್ಟಿದ್ದು 1905ರಲ್ಲಿ, ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. ಅಪ್ಪನದು ಔಷಧಿ ಅಂಗಡಿ. ಕ್ರಾಂತಿಯಾದ ಮೇಲೆ ಬೋಲ್ಶೆವಿಕರು ಅದನ್ನು ಕಿತ್ತುಕೊಂಡರು. 1926ರಲ್ಲಿ ರ‍್ಯಾಂಡ್ ಅಮೆರಿಕಕ್ಕೆ ಹೋದರು, ಅಲ್ಲೇ ಉಳಿದರು. ‘ಜನರ ಹಿತಕ್ಕಾಗಿ’ ಅನ್ನೋ ಮಾತು ಕೇಳಿದ ಕೂಡಲೇ ಈ ಕಾದಂಬರಿ ಯಾಕೆ ಬೆಚ್ಚಿಬೀಳುತ್ತದೆ ಅನ್ನೋದಕ್ಕೆ ಆ ಅಂಗಡಿ ನೆನಪಿರಲಿ. ನನಗಂತೂ ಅದು ಗೊತ್ತಾದ ಮೇಲೆ ಪುಸ್ತಕದ ಸಿಟ್ಟು ಬರೀ ವಾದ ಅನ್ನಿಸಲಿಲ್ಲ, ಮನೆಯಲ್ಲಿ ಆದ ನಷ್ಟ ಅನ್ನಿಸಿತು.

ಇನ್ನೊಂದು, ‘ಸ್ವಾರ್ಥ’ ಅನ್ನೋ ಪದ. ಕನ್ನಡದಲ್ಲಿ ಅದು ಬೈಗುಳ. ಇಂಗ್ಲಿಷ್‌ನಲ್ಲೂ ಒಳ್ಳೆ ಮಾತೇನಲ್ಲ, ರ‍್ಯಾಂಡ್ ಬೇಕಂತಲೇ ಅದನ್ನು ಎತ್ತಿಕೊಂಡರು. ಅವರು ಹೇಳೋದು ಇಷ್ಟು: ಇನ್ನೊಬ್ಬರಿಗಾಗಿ ನನ್ನನ್ನು ಬಲಿ ಕೊಡೋದಿಲ್ಲ, ನನಗಾಗಿ ಇನ್ನೊಬ್ಬರನ್ನು ಬಲಿ ಕೇಳೋದೂ ಇಲ್ಲ. ನಮ್ಮ ಗುಂಪಿನಲ್ಲಿ ಒಬ್ಬಳು ಒಳ್ಳೆ ಅಳತೆಗೋಲು ಕೊಟ್ಟಳು. ಡ್ಯಾಗ್ನಿಯನ್ನು ಕಾಯಕ, ದಾಸೋಹ ಎರಡರ ಪಕ್ಕದಲ್ಲೂ ನಿಲ್ಲಿಸಿ ನೋಡಿ ಅಂದಳು. ಕಾಯಕದ ಮಾತಿಗೆ ಅವಳು ತಲೆಯಾಡಿಸುತ್ತಾಳೆ. ದಾಸೋಹ ಕರ್ತವ್ಯ ಅಂದ ತಕ್ಷಣ ಎದ್ದು ಹೋಗುತ್ತಾಳೆ. ನಮಗೆ ಇವೆರಡೂ ಒಂದೇ ಎತ್ತಿನ ಗಾಡಿಯ ಎರಡು ಚಕ್ರ. ಅವಳಿಗೆ ಒಂದೇ ಚಕ್ರ ಸಾಕು. ಓದುವಾಗ ಬರುವ ಕಿರಿಕಿರಿ ಜಾಸ್ತಿ ಹುಟ್ಟೋದು ಇಲ್ಲೇ.

ನೋಟ್‌ಬುಕ್ಕಿನಲ್ಲಿ ಒಂದೇ ಪ್ರಶ್ನೆ

ಓದುವಾಗ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಸಿಕ್ಕಿದ ಒಳ್ಳೆ ವಾಕ್ಯಗಳನ್ನೆಲ್ಲ ಬರೆದುಕೊಳ್ಳಬೇಡಿ. ಅಂಥವು ಪುಟಕ್ಕೆರಡು ಸಿಗುತ್ತವೆ, ಕೈ ನೋಯುತ್ತದೆ. ಒಂದೇ ಪ್ರಶ್ನೆ ಬರೆದುಕೊಳ್ಳಿ: ‘ಇದು ಯಾರ ಆರ್ಡರ್?’ ಯಾವ ದೃಶ್ಯದಲ್ಲಿ ಈ ಪ್ರಶ್ನೆ ಏಳುತ್ತದೋ ಅಲ್ಲಿ ಪುಟದ ಸಂಖ್ಯೆ ಹಾಕಿ, ಯಾರು ‘ನನ್ನದು’ ಅಂದರು, ಯಾರು ಜಾರಿಕೊಂಡರು ಅಂತ ಬರೆಯಿರಿ. ಅಷ್ಟೇ. ಇದು ನನಗೆ ಮೂರನೇ ಓದಿನಲ್ಲಿ ಹೊಳೆದದ್ದು. ಒಮ್ಮೆ ಹೊಳೆದ ಮೇಲೆ ಇಡೀ ಪುಸ್ತಕ ಅದೇ ದಾರದಲ್ಲಿ ಪೋಣಿಸಿದ ಹಾಗೆ ಕಂಡಿತು.

ಮೊದಲ ನಿಲುಗಡೆ: ಕೆಂಪು ಸಿಗ್ನಲ್

ಮೊದಲ ಅಧ್ಯಾಯವನ್ನು ನಿಧಾನವಾಗಿ, ಸಾಧ್ಯವಾದರೆ ಎರಡು ಸಲ ಓದಿ. ಡ್ಯಾಗ್ನಿ ಮೊದಲು ಕಾಣಿಸೋದು ರೈಲಿನಲ್ಲಿ. ಕಿಟಕಿ ಪಕ್ಕ ತಲೆ ಒರಗಿಸಿ, ಎದುರಿನ ಖಾಲಿ ಸೀಟಿನ ಮೇಲೆ ಕಾಲು ಚಾಚಿ ಕೂತಿದ್ದಾಳೆ. ನಿದ್ದೆ ಹತ್ತುತ್ತದೆ. ಎಚ್ಚರವಾದಾಗ ಗಾಡಿ ನಿಂತಿದೆ. ಅದು ‘ಕಾಮೆಟ್’, ಅವಳ ಕಂಪನಿಯ ಹೆಮ್ಮೆಯ ಗಾಡಿ. ಇಳಿದು ಇಂಜಿನ್ ಹತ್ತಿರ ನಡೆಯುತ್ತಾಳೆ. ಸಿಬ್ಬಂದಿ ಸುಮ್ಮನೆ ನಿಂತಿದ್ದಾರೆ. ಗಾಡಿಯನ್ನು ಪಕ್ಕದ ಹಳಿಗೆ ತಿರುಗಿಸಲಾಗಿದೆ, ಮುಂದೆ ಕೆಂಪು ದೀಪ. ಸಿಗ್ನಲ್ ಕೆಟ್ಟಿದೆ ಅಂತ ಅವರಿಗೂ ಅನುಮಾನ ಇದೆ. ಆದರೂ ಕಾಯುತ್ತಿದ್ದಾರೆ. ಕೆಂಪು ದೀಪಕ್ಕೆ ನಿಂತರೆ ಯಾರೂ ಬೈಯೋದಿಲ್ಲ, ದಾಟಿದರೆ ತಲೆ ಹೋಗುತ್ತದೆ. ‘ನಾನ್ಯಾಕೆ ತಲೆ ಕೊಡಲಿ’ ಅನ್ನೋ ಧಾಟಿ.

ಅವಳು ಎರಡು ಮಾತಿನಲ್ಲಿ ಮುಗಿಸುತ್ತಾಳೆ. ಮುಂದಿನ ಸಿಗ್ನಲ್‌ವರೆಗೆ ಎಚ್ಚರಿಕೆಯಿಂದ ಹೋಗಿ, ಅದು ಸರಿಯಿದ್ದರೆ ಮುಖ್ಯ ಹಳಿಗೆ ಸೇರಿ, ಮೊದಲು ಸಿಗುವ ಸ್ಟೇಷನ್ನಿನಲ್ಲಿ ನಿಲ್ಲಿಸಿ. ಯಾರು ಹೇಳಿದ್ದು ಅಂತ ಕೇಳುತ್ತಾರೆ. ನಾನು, ಅನ್ನುತ್ತಾಳೆ. ನೀವ್ಯಾರು ಅನ್ನುತ್ತಾರೆ. ಹೆಸರು ಹೇಳುತ್ತಾಳೆ. ಗಾಡಿ ಹೊರಡುತ್ತದೆ.

ಇಲ್ಲಿ ಒಂದು ನಿಮಿಷ ನಿಲ್ಲಿ. ಅವಳು ಕೂಗಾಡಲಿಲ್ಲ, ಯಾರನ್ನೂ ಸಸ್ಪೆಂಡ್ ಮಾಡಲಿಲ್ಲ, ನಿಯಮವನ್ನು ಬೀಸಾಕಿ ಹುಚ್ಚು ಧೈರ್ಯವನ್ನೂ ತೋರಿಸಲಿಲ್ಲ. ‘ಎಚ್ಚರಿಕೆಯಿಂದ’ ಅನ್ನೋ ಪದ ಆರ್ಡರ್ ಒಳಗೇ ಇದೆ. ಮಾಡಿದ್ದು ಒಂದೇ ಕೆಲಸ, ಹೊಣೆಯನ್ನು ತನ್ನ ಹೆಸರಿಗೆ ಬರೆಸಿಕೊಂಡಳು. ಈ ಕಾದಂಬರಿಯಲ್ಲಿ ಸ್ವಾವಲಂಬನೆ ಅಂದರೆ ಯಾರ ಹಂಗೂ ಇಲ್ಲದೆ ಒಬ್ಬಳೇ ಬದುಕೋದಲ್ಲ. ತಪ್ಪಾದರೆ ಯಾರ ಕಡೆಗೂ ಬೆರಳು ತೋರಿಸದೆ ನಿಲ್ಲೋದು. ಅವಳ ಒಂಟಿತನ, ಖಡಕ್ ಮಾತು, ಗಂಡಸರ ಕೋಣೆಯಲ್ಲಿ ತಲೆ ಎತ್ತಿ ನಡೆಯೋದು ಎಲ್ಲ ಆಮೇಲಿನದು.

ಹಳಿ ಹಾಕುವ ಭಾಗ

ಮೊದಲ ಭಾಗದಲ್ಲಿ ಅವಳ ಬಾಲ್ಯ ಬರುತ್ತದೆ. ಒಂಬತ್ತನೇ ವಯಸ್ಸಿಗೆ ಈ ರೈಲ್ವೆ ನಡೆಸೋದು ನಾನೇ ಅಂತ ನಿರ್ಧರಿಸಿದವಳು. ಹದಿನಾರಕ್ಕೆ ರಾಕ್‌ಡೇಲ್ ಅನ್ನೋ ಸಣ್ಣ ಸ್ಟೇಷನ್ನಿನಲ್ಲಿ ರಾತ್ರಿ ಪಾಳಿಗೆ ಸೇರಿದವಳು, ಮೇಲೆ ಎಂಜಿನಿಯರಿಂಗ್ ಓದು. ಅಣ್ಣ ಜೇಮ್ಸ್ ಅಧ್ಯಕ್ಷ, ಆದರೆ ಕೆಲಸ ಮಾಡುವವಳು ಇವಳು. ಈ ಅಣ್ಣ-ತಂಗಿ ಲೆಕ್ಕ ನಮಗೇನು ಹೊಸದಲ್ಲ ಅಲ್ವಾ? ಅಂಗಡಿಯ ಬೋರ್ಡಿನಲ್ಲಿ ಮಗನ ಹೆಸರು, ಗಲ್ಲಾ ಲೆಕ್ಕ ಮಗಳದು.

ಅದೇ ಭಾಗದ ಪಾರ್ಟಿ ದೃಶ್ಯವನ್ನು ಬಿಡಬೇಡಿ. ಹ್ಯಾಂಕ್ ರಿಯರ್ಡನ್ ಅನ್ನೋ ಉಕ್ಕಿನ ಉದ್ಯಮಿ ಹತ್ತು ವರ್ಷ ಒದ್ದಾಡಿ ಒಂದು ಹೊಸ ಲೋಹ ಮಾಡಿದ್ದಾನೆ. ಮೊದಲ ಸಲ ಎರಕ ಹೊಯ್ದ ಲೋಹದಲ್ಲೇ ಹೆಂಡತಿಗೆ ಒಂದು ಕೈಬಳೆ ಮಾಡಿಸಿ ಕೊಟ್ಟಿದ್ದಾನೆ. ಅವಳು ಅದನ್ನು ನೆಂಟರಿಷ್ಟರ ಮುಂದೆ ಹಾಸ್ಯ ಮಾಡುತ್ತಾಳೆ, ಯಾರಾದರೂ ವಜ್ರದ್ದು ಕೊಟ್ಟರೆ ಬದಲಿ ಕೊಡುತ್ತೇನೆ ಅನ್ನುತ್ತಾಳೆ. ಡ್ಯಾಗ್ನಿ ತನ್ನ ಕೈಯಿಂದ ವಜ್ರದ ಬಳೆ ಬಿಚ್ಚಿ ಮುಂದೆ ಹಿಡಿಯುತ್ತಾಳೆ. ರ‍್ಯಾಂಡ್‌ಗೆ ದುಡ್ಡೇ ದೇವರು ಅನ್ನುವವರಿಗೆ ನಾನು ಈ ದೃಶ್ಯ ತೋರಿಸುತ್ತೇನೆ. ಪೇಟೆಯಲ್ಲಿ ಹೆಚ್ಚು ಬೆಲೆಯ ಬಳೆ ಯಾವುದು, ಡ್ಯಾಗ್ನಿ ಇಟ್ಟುಕೊಂಡದ್ದು ಯಾವುದು?

ಆಮೇಲೆ ಜಾನ್ ಗಾಲ್ಟ್ ಲೈನ್. ಇಡೀ ಪುಸ್ತಕದಲ್ಲಿ ನನಗೆ ಅತಿ ಇಷ್ಟದ ನಲವತ್ತು-ಐವತ್ತು ಪುಟ. ಯಾರೂ ನಂಬದ ಆ ಹೊಸ ಲೋಹದಿಂದ ಕೊಲರಾಡೋಗೆ ಹಳಿ ಹಾಕಲು ಹೊರಟಿದ್ದಾಳೆ. ಕಂಪನಿಗೆ ಭಯ, ಅದಕ್ಕೇ ತಾತ್ಕಾಲಿಕವಾಗಿ ರಾಜೀನಾಮೆ ಕೊಟ್ಟು ತನ್ನದೇ ಕಂಪನಿ ಮಾಡಿಕೊಳ್ಳುತ್ತಾಳೆ. ತನ್ನ ಹಳೇ ಭವ್ಯ ಕಟ್ಟಡದ ಹಿಂದೆ, ಸಂದಿಯಾಚೆ ಇರುವ ಹಾಳು ಕೋಣೆಯೊಂದರಲ್ಲಿ ಆಫೀಸು. ಯೂನಿಯನ್ನಿನವನು ಬಂದು ನಮ್ಮವರನ್ನು ಆ ಗಾಡಿ ಓಡಿಸಲು ಬಿಡೋದಿಲ್ಲ ಅನ್ನುತ್ತಾನೆ. ಸರಿ, ಯಾರಿಗೂ ಬಲವಂತ ಇಲ್ಲ, ಇಷ್ಟ ಇದ್ದವರು ಹೆಸರು ಕೊಡಲಿ ಅಂತ ಅವಳು ನೋಟಿಸ್ ಹಾಕಿಸುತ್ತಾಳೆ. ಡ್ರೈವರುಗಳೆಲ್ಲ ಹೆಸರು ಕೊಟ್ಟುಬಿಡುತ್ತಾರೆ. ಮೊದಲ ಗೂಡ್ಸ್ ಗಾಡಿ ಗಂಟೆಗೆ ನೂರು ಮೈಲಿ ವೇಗದಲ್ಲಿ ಹೋಗುವಾಗ ಅವಳು ಇಂಜಿನ್ನಿನ ಒಳಗೇ ನಿಂತಿರುತ್ತಾಳೆ. ಹಳಿ ಮುರಿದರೆ ಮೊದಲು ಸಾಯುವವಳು ತಾನೇ ಆಗಿರಬೇಕು ಅನ್ನುವ ಲೆಕ್ಕ. ಇದನ್ನು ಬರೆಯುವ ಮುಂಚೆ ರ‍್ಯಾಂಡ್ ನಿಜವಾಗಿ ನ್ಯೂಯಾರ್ಕ್ ಸೆಂಟ್ರಲ್ ರೈಲ್ವೆಯ ಇಂಜಿನ್ನಿನಲ್ಲಿ ಕೂತು ಪ್ರಯಾಣ ಮಾಡಿದ್ದರು, ಸ್ವಲ್ಪ ದೂರ ತಾವೇ ಓಡಿಸಿದ್ದೂ ಉಂಟು. ಓದಿದರೆ ಗೊತ್ತಾಗುತ್ತದೆ, ಕಾಲಡಿಯ ನಡುಕ ಕೂಡ ಬರುತ್ತದೆ.

ಈ ಭಾಗವನ್ನು ಒಂದೇ ಕೂತಿನಲ್ಲಿ ಓದಿ. ತುಂಡು ಮಾಡಿದರೆ ಕಳೆ ಹೋಗುತ್ತದೆ.

ಎಲ್ಲಿ ಬೇಗ ದಾಟಬಹುದು

ಎರಡನೇ ಭಾಗದಲ್ಲಿ ಪಾರ್ಟಿಗಳು, ವಾಷಿಂಗ್ಟನ್ ಮಂದಿಯ ಕೋಣೆ ಮಾತುಕತೆ, ಒಬ್ಬೊಬ್ಬರೂ ನಾಲ್ಕು ಪುಟ ಮಾತಾಡೋದು, ಇವೆಲ್ಲ ಜಾಸ್ತಿ. ಖಳರೆಲ್ಲ ಒಂದೇ ಅಚ್ಚಿನವರು. ಮೊದಲ ಎರಡು ಸಭೆ ಓದಿದರೆ ಉಳಿದವು ಹೇಗಿರುತ್ತವೆ ಅಂತ ಗೊತ್ತಾಗುತ್ತದೆ, ಕಣ್ಣಾಡಿಸಿ ಹೋಗಿ. ಯಾರೂ ಕೆಲಸ ಬಿಡುವಂತಿಲ್ಲ, ಯಾರೂ ಹೊಸದು ಕಂಡುಹಿಡಿಯುವಂತಿಲ್ಲ ಅನ್ನುವ ಸರ್ಕಾರದ 10-289ನೇ ನಿರ್ದೇಶನ ಬರುವ ಕಡೆ ಮಾತ್ರ ನಿಲ್ಲಿ. ಅದನ್ನು ಓದಿದ ಡ್ಯಾಗ್ನಿ ರಾಜೀನಾಮೆ ಎಸೆದು ಬೆಟ್ಟದ ಮನೆಗೆ ಹೋಗುತ್ತಾಳೆ. ಮುಂದಿನದು ಅವಳು ಇಲ್ಲದಾಗ ಆಗೋದು.

ಎರಡನೇ ನಿಲುಗಡೆ: ಸುರಂಗ

ಎರಡನೇ ಭಾಗದ ಏಳನೇ ಅಧ್ಯಾಯ. ಅದೇ ಕಾಮೆಟ್ ಗಾಡಿ, ಕೊಲರಾಡೋದ ಬೆಟ್ಟದಲ್ಲಿ ಡೀಸೆಲ್ ಇಂಜಿನ್ ಕೆಟ್ಟು ನಿಂತಿದೆ. ಮುಂದೆ ಎಂಟು ಮೈಲಿ ಉದ್ದದ ಸುರಂಗ. ಬದಲಿಗೆ ಇರೋದು ಕಲ್ಲಿದ್ದಲಿನ ಇಂಜಿನ್. ಅದರ ಹೊಗೆ ಸುರಂಗದೊಳಗೆ ತುಂಬಿದರೆ ಯಾರೂ ಬದುಕೋದಿಲ್ಲ. ಇದು ಅಲ್ಲಿನ ಪ್ರತಿಯೊಬ್ಬನಿಗೂ ಗೊತ್ತು. ಆದರೆ ಗಾಡಿಯಲ್ಲಿ ಒಬ್ಬ ರಾಜಕಾರಣಿ ಇದ್ದಾನೆ, ಭಾಷಣಕ್ಕೆ ತಡವಾಗುತ್ತಿದೆ.

ಮೇಲಿನಿಂದ ಬರುವ ಆರ್ಡರ್ ಓದಿ. ಅದರಲ್ಲಿ ಕಲ್ಲಿದ್ದಲು ಅನ್ನೋ ಮಾತಿಲ್ಲ, ಸುರಂಗ ಅನ್ನೋ ಮಾತೂ ಇಲ್ಲ. ಗಾಡಿಯನ್ನು ಸುರಕ್ಷಿತವಾಗಿ, ಅನಗತ್ಯ ತಡವಿಲ್ಲದೆ ಕಳಿಸಿ, ಆಗದಿದ್ದರೆ ನೀವೇ ಹೊಣೆ. ಅಷ್ಟೇ. ಅದನ್ನು ಓದಿದಾಗ ನಾನು ಜೋರಾಗಿ ನಕ್ಕುಬಿಟ್ಟೆ. ನಾನು ಮೊದಲು ಕೆಲಸ ಮಾಡಿದ ಒಂದು ಕಚೇರಿಯಲ್ಲಿ ನೀರಿನ ಪಂಪ್ ರಿಪೇರಿಯ ಫೈಲು ಹನ್ನೊಂದು ದಿನ ಮೇಜಿಂದ ಮೇಜಿಗೆ ಓಡಾಡಿತ್ತು. ಕೆಳಗಿನವರು ‘ಆದೇಶಕ್ಕಾಗಿ ಮಂಡಿಸಿದೆ’ ಅಂತ ಬರೆಯೋರು. ಮೇಲಿನವರು ‘ಸೂಕ್ತ ಕ್ರಮಕ್ಕಾಗಿ’ ಅಂತ ಬರೆದು ವಾಪಸ್ ಕಳಿಸೋರು. ‘ರಿಪೇರಿ ಮಾಡಿಸಿ’ ಅನ್ನೋ ಎರಡು ಪದ ಯಾರ ಪೆನ್ನಿಂದಲೂ ಬರಲಿಲ್ಲ. ನಾವೆಲ್ಲ ಕೊಡದಲ್ಲಿ ನೀರು ತಂದೆವು. ಸುರಂಗದ ಅಧ್ಯಾಯ ಅದೇ ಫೈಲು, ಕೊಡದ ಬದಲು ಹೆಣ.

ಬಿಲ್ ಬ್ರೆಂಟ್ ಅನ್ನೋ ಒಬ್ಬ ಮಾತ್ರ ಸಹಿ ಹಾಕೋದಿಲ್ಲ ಅನ್ನುತ್ತಾನೆ. ಮುಖಕ್ಕೆ ಏಟು ತಿಂದು ಕೆಲಸ ಬಿಟ್ಟು ನಡೆಯುತ್ತಾನೆ. ಉಳಿದವರು ಆರ್ಡರನ್ನು ಕೆಳಗೆ, ಇನ್ನೂ ಕೆಳಗೆ ತಳ್ಳುತ್ತಾರೆ. ಗಾಡಿ ಒಳಗೆ ಹೋಗುತ್ತದೆ, ಜನ ಉಸಿರುಗಟ್ಟಿ ಸಾಯುತ್ತಾರೆ, ಹಿಂದಿನಿಂದ ಸೇನೆಯ ಮದ್ದುಗುಂಡಿನ ಗಾಡಿ ಬಂದು ಗುದ್ದುತ್ತದೆ. ಮೊದಲ ಅಧ್ಯಾಯದ ಟಿಪ್ಪಣಿ ತೆಗೆದು ಇದರ ಪಕ್ಕ ಇಡಿ. ಅದೇ ಗಾಡಿ, ಅದೇ ಪ್ರಶ್ನೆ. ‘ನಾನು’ ಅನ್ನುವವಳು ಇಲ್ಲಿಲ್ಲ.

ಈಗ ಪೆನ್ನನ್ನು ಲೇಖಕಿಯ ಕಡೆಗೆ ತಿರುಗಿಸಿ. ಗಾಡಿ ಸುರಂಗಕ್ಕೆ ಹೋಗುವ ಮುಂಚೆ ರ‍್ಯಾಂಡ್ ಪ್ರಯಾಣಿಕರನ್ನು ಒಬ್ಬೊಬ್ಬರಾಗಿ ತೋರಿಸುತ್ತಾರೆ. ಒಬ್ಬ ಪ್ರೊಫೆಸರ್, ಒಬ್ಬ ಪತ್ರಕರ್ತ, ಒಬ್ಬ ಶಾಲಾ ಶಿಕ್ಷಕಿ. ಇವರೆಲ್ಲ ಯಾವ ವಿಚಾರ ನಂಬಿದ್ದರು, ಅದು ಈ ಸಾವಿಗೆ ಹೇಗೆ ದಾರಿ ಮಾಡಿತು ಅನ್ನೋ ಪಟ್ಟಿ. ಅದರಲ್ಲಿ ಒಬ್ಬ ತಾಯಿಯೂ ಇದ್ದಾಳೆ, ಮೇಲಿನ ಬರ್ತಿನಲ್ಲಿ ಎರಡು ಮಕ್ಕಳನ್ನು ಹೊದಿಸಿ ಮಲಗಿಸಿದ್ದಾಳೆ. ಅವಳ ಗಂಡ ಇಂಥ ನಿರ್ದೇಶನಗಳನ್ನು ಜಾರಿ ಮಾಡುವ ಸರ್ಕಾರಿ ನೌಕರ. ಸರಿ, ಆ ಮಕ್ಕಳು ಯಾವ ವಿಚಾರ ನಂಬಿದ್ದವು? ಒಬ್ಬೊಬ್ಬರ ಹೊಣೆ ಒಬ್ಬೊಬ್ಬರದೇ ಅಂತ ಐನೂರಕ್ಕೂ ಹೆಚ್ಚು ಪುಟ ಹೇಳಿದ ಕಾದಂಬರಿ, ಇಲ್ಲಿ ಗಂಡನ ತಪ್ಪನ್ನು ಹೆಂಡತಿ ಮಕ್ಕಳ ಲೆಕ್ಕಕ್ಕೆ ಬರೆಯುತ್ತದೆ. ಈ ಜಾಗದಲ್ಲಿ ನಮ್ಮ ಗುಂಪು ಎರಡು ಭಾನುವಾರ ಜಗಳ ಆಡಿತು. ನನ್ನ ತೀರ್ಪು ಬದಲಾಗಿಲ್ಲ: ಪುಸ್ತಕ ತನ್ನದೇ ತತ್ವಕ್ಕೆ ಇಲ್ಲಿ ಮೋಸ ಮಾಡಿದೆ.

ಸುದ್ದಿಯನ್ನು ರೇಡಿಯೋದಲ್ಲಿ ಕೇಳಿದ ಡ್ಯಾಗ್ನಿ ಓಡೋಡಿ ವಾಪಸ್ ಬರುತ್ತಾಳೆ. ಅವಳ ಗಟ್ಟಿತನವೇ ಅವಳನ್ನು ಕಟ್ಟಿಹಾಕುವ ಹಗ್ಗ. ಅವಳು ಸುಮ್ಮನಿರಲಾರಳು ಅನ್ನೋದು ಶತ್ರುಗಳಿಗೂ ಗೊತ್ತು. ಕೆಲಸ ಬಲ್ಲ ಹೆಣ್ಣುಮಕ್ಕಳ ಮೇಲೆ ಮನೆ, ಆಫೀಸು ಎರಡೂ ಕಡೆ ಎಲ್ಲ ಭಾರ ಬಂದು ಬೀಳೋದು ಹೀಗೇ. ‘ಅವಳಿದ್ದಾಳಲ್ಲ, ನೋಡಿಕೊಳ್ಳುತ್ತಾಳೆ.’

ಅಲೆಮಾರಿಯ ಕಥೆ

ಎರಡನೇ ಭಾಗದ ಕೊನೆಯ ಅಧ್ಯಾಯದಲ್ಲಿ ಟಿಕೆಟ್ ಇಲ್ಲದ ಒಬ್ಬ ಅಲೆಮಾರಿಯನ್ನು ಗಾಡಿಯಿಂದ ದಬ್ಬುತ್ತಿರುತ್ತಾರೆ. ಡ್ಯಾಗ್ನಿ ಅವನನ್ನು ಊಟಕ್ಕೆ ಕರೆಯುತ್ತಾಳೆ. ಅವನು ತಾನು ಕೆಲಸ ಮಾಡಿದ ಮೋಟಾರ್ ಕಾರ್ಖಾನೆಯ ಕಥೆ ಹೇಳುತ್ತಾನೆ. ಶಕ್ತಿಗೆ ತಕ್ಕಷ್ಟು ದುಡಿ, ಅಗತ್ಯಕ್ಕೆ ತಕ್ಕಷ್ಟು ತೆಗೆದುಕೋ ಅಂತ ಎಲ್ಲರೂ ಕೈ ಎತ್ತಿ ಒಪ್ಪಿದ ಕಾರ್ಖಾನೆ. ಜಾಸ್ತಿ ದುಡಿದವನಿಗೆ ಜಾಸ್ತಿ ಕೆಲಸ, ಜಾಸ್ತಿ ಅತ್ತವನಿಗೆ ಜಾಸ್ತಿ ಪಾಲು. ಕೊನೆಗೆ ಜನ ಬುದ್ಧಿ ಬಚ್ಚಿಟ್ಟುಕೊಳ್ಳುತ್ತಾರೆ, ಪಕ್ಕದವನ ಮನೆಯಲ್ಲಿ ಮಗು ಹುಟ್ಟಿದರೆ ಹಲ್ಲು ಕಡಿಯುತ್ತಾರೆ. ಕೂಡು ಕುಟುಂಬದಲ್ಲಿ ಬೆಳೆದ ನನ್ನ ಗೆಳತಿ ಇದನ್ನು ಓದಿ ನಮ್ಮನೆ ಕಥೆ ಇದು ಅಂದಳು. ಸ್ವಲ್ಪ ಹೊತ್ತು ಬಿಟ್ಟು ಅವಳೇ ಅಂದಳು, ಆದರೆ ಅಪ್ಪ ತೀರಿಕೊಂಡಾಗ ನನ್ನನ್ನು ಓದಿಸಿದ್ದೂ ಅದೇ ಮನೆ. ಎರಡನ್ನೂ ಟಿಪ್ಪಣಿಯಲ್ಲಿ ಬರೆದುಕೊಂಡೆವು.

ರೇಡಿಯೋ ಭಾಷಣಕ್ಕೆ ಏನು ಮಾಡೋದು

ಗಾಲ್ಟ್ ದೇಶಕ್ಕೆಲ್ಲ ಮಾಡುವ ಭಾಷಣ ಇದು, ಮೂರನೇ ಭಾಗದ ಏಳನೇ ಅಧ್ಯಾಯ. ಕಥೆಯ ಒಳಗೆ ಮೂರು ಗಂಟೆ, ಪುಸ್ತಕದಲ್ಲಿ ಸುಮಾರು ಅರವತ್ತು ಪುಟ. ಬರೆಯಲು ರ‍್ಯಾಂಡ್‌ಗೆ ಎರಡು ವರ್ಷ ಹಿಡಿಯಿತು. ಮೊದಲ ಓದಿನಲ್ಲಿ ಮೊದಲ ಐದಾರು ಪುಟ ಓದಿ, ಹಾರಿ ಮುಂದಿನ ಅಧ್ಯಾಯಕ್ಕೆ ಹೋಗಿ. ಕಥೆಗೆ ಏನೂ ಕೊರತೆಯಾಗೋದಿಲ್ಲ. ಪುಸ್ತಕ ಮುಗಿದ ಮೇಲೆ ಬೇರೆ ದಿನ, ಲೇಖನ ಓದುವ ಹಾಗೆ, ದಿನಕ್ಕೆ ಹತ್ತು ಪುಟದಂತೆ ಓದಿ. ಇದು ಮೋಸ ಅಂತ ಕೆಲವರು ಹೇಳುತ್ತಾರೆ. ಹೇಳಲಿ ಬಿಡಿ. ಅರ್ಧಕ್ಕೆ ಬಿಡೋದಕ್ಕಿಂತ ಇದು ವಾಸಿ.

ಡ್ಯಾಗ್ನಿಯನ್ನು ಸ್ತ್ರೀವಾದದ ನಾಯಕಿ ಅಂತ ಮೆರವಣಿಗೆ ಮಾಡುವ ಮುಂಚೆ ಇನ್ನೊಂದು ವಿಷಯ ಗೊತ್ತಿರಲಿ. 1968ರಲ್ಲಿ ರ‍್ಯಾಂಡ್ ಒಂದು ಪ್ರಬಂಧದಲ್ಲಿ, ವಿವೇಕವಿರುವ ಹೆಣ್ಣು ಅಮೆರಿಕದ ಅಧ್ಯಕ್ಷೆಯಾಗಲು ಬಯಸೋದಿಲ್ಲ ಅಂತ ಬರೆದರು. ಹೆಣ್ಣಿಗೆ ತಲೆಯೆತ್ತಿ ನೋಡಲು ಒಬ್ಬ ಗಂಡಸು ಬೇಕು ಅನ್ನೋದು ಅವರ ನಂಬಿಕೆ. ಡ್ಯಾಗ್ನಿಯ ಪ್ರೇಮದ ದೃಶ್ಯಗಳು ಯಾಕೆ ಹಾಗಿವೆ ಅನ್ನೋದಕ್ಕೆ ಅಲ್ಲಿ ಉತ್ತರ ಇದೆ. ಗಾಲ್ಟ್ ಬಂದ ಮೇಲೆ ಅವಳು ಸ್ವಲ್ಪ ಮಂಕಾಗುತ್ತಾಳೆ, ನನಗೆ ಅದು ಬೇಜಾರು.

ಕೊನೆಯ ಎರಡು ನಿಲುಗಡೆ

ಕೊನೆಯ ಅಧ್ಯಾಯದಲ್ಲಿ, ಸರ್ಕಾರದವರು ಹಿಡಿದಿಟ್ಟ ಗಾಲ್ಟ್‌ನನ್ನು ಬಿಡಿಸಲು ಡ್ಯಾಗ್ನಿ ಹೋಗುತ್ತಾಳೆ. ಬಾಗಿಲಲ್ಲಿ ಒಬ್ಬ ಕಾವಲುಗಾರ. ಒಬ್ಬ ಸಾಹೇಬರು ಯಾರನ್ನೂ ಬಿಡಬೇಡ ಅಂದಿದ್ದಾರೆ. ಅವರಿಗಿಂತ ದೊಡ್ಡ ಸಾಹೇಬರು ಬಿಡು ಅಂದಿದ್ದಾರೆ ಅನ್ನುತ್ತಾಳೆ ಇವಳು. ಅವನು ತೊದಲುತ್ತಾನೆ. ನಾನು ಯಾರು ನಿರ್ಧಾರ ಮಾಡೋಕೆ, ನಾನು ಬರೀ ಸಣ್ಣವನು. ಅವಳು ಮೂರು ಎಣಿಸುತ್ತಾಳೆ. ಗುಂಡು ಹಾರಿಸುತ್ತಾಳೆ. ಪ್ರಾಣಿಯನ್ನು ಕೊಲ್ಲಲು ಹಿಂದೆಮುಂದೆ ನೋಡುವವಳು ಇಲ್ಲಿ ಅಳುಕಲಿಲ್ಲ ಅಂತ ಕಾದಂಬರಿಯೇ ಹೇಳುತ್ತದೆ.

ಇವನು ಮೊದಲ ಅಧ್ಯಾಯದ ಕೆಂಪು ದೀಪದ ಮುಂದೆ ನಿಂತ ಸಿಬ್ಬಂದಿಯ ತಮ್ಮನೇ. ಅವರೂ ತಲೆ ಕೊಡೋದಿಲ್ಲ ಅಂದಿದ್ದರು, ಇವನೂ ಅದನ್ನೇ ಅಂದ. ಅಲ್ಲಿ ಅವಳು ಅವರ ಭಾರವನ್ನು ತನ್ನ ಹೆಗಲಿಗೆ ಎತ್ತಿಕೊಂಡಿದ್ದಳು. ಇಲ್ಲಿ ಅವನನ್ನೇ ತೆಗೆದುಹಾಕುತ್ತಾಳೆ. ಸಾವಿರ ಪುಟದಲ್ಲಿ ಅವಳು ಕಲಿತದ್ದು ಇದೇನಾ? ಬೆಳೆದಳೋ, ಬಿದ್ದಳೋ? ಗುಂಪಿನಲ್ಲಿ ಓದುತ್ತಿದ್ದರೆ ಈ ಪ್ರಶ್ನೆಗೆ ಒಬ್ಬೊಬ್ಬರೂ ಚೀಟಿಯಲ್ಲಿ ಉತ್ತರ ಬರೆದು ಆಮೇಲೆ ಬಿಚ್ಚಿ. ಮಾತಿನಲ್ಲಿ ಕೇಳಿದರೆ ಜೋರು ದನಿಯವರೇ ಗೆಲ್ಲುತ್ತಾರೆ.

ಇನ್ನೊಂದು ಗಾಡಿ ಉಳಿದಿದೆ. ಎಡ್ಡಿ ವಿಲ್ಲರ್ಸ್, ಡ್ಯಾಗ್ನಿಯ ಬಾಲ್ಯದ ಗೆಳೆಯ, ಅವಳ ಬಲಗೈ. ಅವನಲ್ಲಿ ಪ್ರತಿಭೆ ಸಾಧಾರಣ, ನಿಯತ್ತು ಅಸಾಧಾರಣ. ಅರಿಜೋನಾದ ಮರುಭೂಮಿಯಲ್ಲಿ, ರಾತ್ರಿ, ಅವನಿರುವ ಕಾಮೆಟ್ ಗಾಡಿ ಕೆಟ್ಟು ನಿಲ್ಲುತ್ತದೆ. ಅದೇ ಗಾಡಿ, ಮತ್ತೊಂದು ಸಲ. ಜನ ಸಿಕ್ಕ ಕುದುರೆಗಾಡಿ ಹತ್ತಿ ಹೋಗುತ್ತಾರೆ. ಅವನು ಬಿಡೋದಿಲ್ಲ. ಇಂಜಿನ್ ಸರಿಮಾಡಲು ಒದ್ದಾಡಿ, ಆಗದೆ, ಹಳಿಯ ಮೇಲೆ ಬಿದ್ದು ಅಳುತ್ತಾನೆ. ಮೇಲೆ ಇಂಜಿನ್ನಿನ ದೀಪದ ಬೆಳಕು. ಡ್ಯಾಗ್ನಿ ಆಗ, ಗಾಲ್ಟ್ ಮಾತಿಗೆ ಕೆಲಸ ಬಿಟ್ಟವರು ಅಡಗಿರುವ ಕಣಿವೆಯಲ್ಲಿ, ತನ್ನಂಥವರ ಜೊತೆ ಇರುತ್ತಾಳೆ. ಆ ಕಣಿವೆಗೆ ಎಡ್ಡಿಯನ್ನು ಯಾರೂ ಕರೆದಿರಲಿಲ್ಲ.

ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಅವನ ಹೆಸರು ಬರೆಯಿರಿ. ಮುಂದಿನ ಭಾನುವಾರ ಗುಂಪು ಸೇರಿದಾಗ ಮಾತು ಅವನಿಂದಲೇ ಶುರುವಾಗಲಿ. ಗಾಲ್ಟ್ ಆಮೇಲೆ ಬರಲಿ.